ಸಹಿಯಿಲ್ಲದ ಓಲೆಯ ಹಾದಿ

ಕನ್ನಡದ ಕಚೇರಿಗಳಲ್ಲಿ ‘ಮೂಗರ್ಜಿ’ ಎಂಬ ಒಂದು ಮಾತಿದೆ. ಬರೆದವರ ಹೆಸರಿಲ್ಲದ, ಸಹಿಯಿಲ್ಲದ ದೂರಿಗೆ ರೂಢಿಯಾಗಿರುವ ಹೆಸರು ಅದು. ಮೂಗನ ಅರ್ಜಿ ಮೂಗರ್ಜಿ. ಹೆಸರಿಟ್ಟವರು ಅದರಲ್ಲಿ ತುಸು ವ್ಯಂಗ್ಯವನ್ನೂ ಬೆರೆಸಿರಬೇಕು. ಏಕೆಂದರೆ ಮೂಗರ್ಜಿಯಷ್ಟು ಮಾತಾಡುವ ಅರ್ಜಿ ಇನ್ನೊಂದಿಲ್ಲ. ಯಾವ ಸೇತುವೆಯ ಸಿಮೆಂಟು ಯಾರ ಮನೆಗೆ ಹೋಯಿತು, ಯಾವ ಬಿಲ್ಲು ಎಷ್ಟು ಪರ್ಸೆಂಟಿಗೆ ಪಾಸಾಯಿತು ಎಂಬುದನ್ನೆಲ್ಲ ಅದು ಬಾಯಿಬಿಟ್ಟು ಹೇಳುತ್ತದೆ. ಮುಚ್ಚಿಡುವುದು ಒಂದನ್ನೇ, ಹೇಳಿದವರು ಯಾರೆಂಬುದನ್ನು. ಹಾಗೆಂದು ಮೂಗರ್ಜಿಗಳೆಲ್ಲ ಸತ್ಯವಂತರ ಕೈಯಿಂದಲೇ ಹುಟ್ಟುತ್ತವೆ ಎಂದಲ್ಲ. ಬಡ್ತಿ ತಪ್ಪಿದವನ ಹೊಟ್ಟೆಕಿಚ್ಚು, ನೆರೆಮನೆಯ ಹಳೆಯ ಜಗಳ, ಎದುರು ಪಾರ್ಟಿಯ ಮಸಲತ್ತು ಎಲ್ಲವೂ ಅದೇ ಲಕೋಟೆಯಲ್ಲಿ ಬರುತ್ತವೆ. ಈ ಕಾಟ ಅತಿಯಾದ್ದರಿಂದಲೇ ಕೇಂದ್ರ ಜಾಗೃತ ಆಯೋಗ 1999ರ ಜೂನ್ 29ರಂದು ಒಂದು ಸುತ್ತೋಲೆ ಹೊರಡಿಸಿ, ಹೆಸರಿಲ್ಲದ ಮತ್ತು ಸುಳ್ಳು ಹೆಸರಿನ ದೂರುಗಳ ಮೇಲೆ ಕ್ರಮ ಜರುಗಿಸುವಂತಿಲ್ಲ ಎಂದು ಇಲಾಖೆಗಳಿಗೆ ತಿಳಿಸಿತು.

ಈ ಮೂಗರ್ಜಿಗೆ ಇಂಟರ್ನೆಟ್ಟಿನಲ್ಲೊಬ್ಬ ದಾಯಾದಿ ಇದ್ದಾನೆ. ಅವನ ಹೆಸರು ರೀಮೇಲರ್. ಬಂದ ಇ-ಮೇಲ್‌ನಿಂದ ಕಳುಹಿಸಿದವರ ಗುರುತನ್ನು ಅಳಿಸಿ, ಮುಂದಿನ ವಿಳಾಸಕ್ಕೆ ಮತ್ತೆ ಅಂಚೆಗೆ ಹಾಕುವ ಕಂಪ್ಯೂಟರ್ ಎಂದು ಸರಳವಾಗಿ ಹೇಳಬಹುದು. ಇಷ್ಟು ಸಣ್ಣ ಕೆಲಸಕ್ಕಾಗಿ ಪೊಲೀಸರು ಬಾಗಿಲು ತಟ್ಟಿದ್ದಾರೆ, ನ್ಯಾಯಾಲಯಗಳು ಕಲಾಪ ನಡೆಸಿವೆ, ವಿಶ್ವವಿದ್ಯಾಲಯವೊಂದು ವಾರಗಟ್ಟಲೆ ನಿದ್ದೆಗೆಟ್ಟಿದೆ.

ಕಾಗದದ ಕಾಲದಲ್ಲಿ ಹೆಸರು ಮರೆಸುವುದು ಕಷ್ಟದ ಮಾತಾಗಿರಲಿಲ್ಲ. ಎಡಗೈಯಲ್ಲಿ ಬರೆದು, ಸಂತೆಗೆ ಹೋದಾಗ ಪಕ್ಕದೂರಿನ ಕೆಂಪು ಡಬ್ಬಿಗೆ ಹಾಕಿಬಂದರೆ ಆಯಿತು. ಅಂಚೆಯ ಮುದ್ರೆ ಊರನ್ನೂ ದಿನವನ್ನೂ ಹೇಳಬಲ್ಲದೇ ಹೊರತು ಹಾಕಿದ ಕೈಯನ್ನು ಹೇಳಲಾರದು. ಇ-ಮೇಲ್ ಬಂದಾಗ ಅನೇಕರು ಇದು ಇನ್ನೂ ಸುಲಭ ಎಂದುಕೊಂಡರು. ಕಾಗದವಿಲ್ಲ, ಕೈಬರಹವಿಲ್ಲ, ಬೆರಳಚ್ಚಿಲ್ಲ. ನಿಜಸಂಗತಿ ತಿರುವುಮುರುವಾಗಿದೆ. ಇ-ಮೇಲ್ ಹಾದುಹೋಗುವ ಪ್ರತಿಯೊಂದು ಕಂಪ್ಯೂಟರೂ ಅದರ ತಲೆಬರಹದಲ್ಲಿ ಒಂದೊಂದು ಮುದ್ರೆ ಒತ್ತುತ್ತದೆ: ಯಾವ ಯಂತ್ರದಿಂದ ಬಂತು, ಯಾವ ದಿನ, ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡು. ಓದುವವರ ಪರದೆಯ ಮೇಲೆ ಈ ಮುದ್ರೆಗಳು ಸಾಮಾನ್ಯವಾಗಿ ಕಾಣುವುದಿಲ್ಲ. ಆದರೆ ಕೇಳಿದವರಿಗೆ ಸಿಗುತ್ತವೆ. ಕಳುಹಿಸಿದವರ ಹೆಸರಿನ ಜಾಗದಲ್ಲಿ ಯಾರದೋ ಹೆಸರು ತುಂಬಿಸಬಹುದು. ಮುಂದಿನ ಯಂತ್ರಗಳು ಒತ್ತುವ ದಾರಿಯ ಮುದ್ರೆಗಳನ್ನು ತುಂಬಿಸಲಾಗದು. ಪಕ್ಕದೂರಿನ ಡಬ್ಬಿಗೆ ಹಾಕಿದ ಕಾಗದ ಹೋಗಿ, ಮನೆಯ ಹೊಸ್ತಿಲಿನಿಂದ ಹೆಜ್ಜೆಗುರುತು ಬಿಟ್ಟುಕೊಂಡು ಹೋದ ಕಾಗದವಾಯಿತು.

ಇಲ್ಲಿ ಎರಡು ಗುಟ್ಟುಗಳನ್ನು ಬೇರೆಬೇರೆಯಾಗಿಯೇ ನೋಡಬೇಕು. ಪತ್ರದಲ್ಲಿ ಏನು ಬರೆದಿದೆ ಎಂಬುದು ಒಂದು ಗುಟ್ಟು. ಯಾರು ಯಾರಿಗೆ ಬರೆದರು ಎಂಬುದು ಇನ್ನೊಂದು. ಮೊದಲನೆಯದನ್ನು ಕಾಯಲು ಗೂಢಲಿಪಿ ಸಾಕು. ಅಮೆರಿಕದ ಫಿಲ್ ಜಿಮ್ಮರ್‌ಮನ್ 1991ರಲ್ಲಿ ಬಿಡುಗಡೆ ಮಾಡಿದ ಪಿಜಿಪಿ ಎಂಬ ತಂತ್ರಾಂಶ ಜನಸಾಮಾನ್ಯರ ಕೈಗೂ ಅಂಥ ಬೀಗವನ್ನು ಕೊಟ್ಟಿತು. ಆದರೆ ಲಕೋಟೆ ಎಷ್ಟೇ ಭದ್ರವಾಗಿದ್ದರೂ ಮೇಲಿನ ವಿಳಾಸ ಬಯಲಲ್ಲೇ ಇರುತ್ತದೆ. ಹಳ್ಳಿಯ ಹೆಣ್ಣುಮಗಳೊಬ್ಬಳು ಪಟ್ಟಣದ ವಕೀಲರಿಗೆ ವಾರಕ್ಕೆರಡು ರಿಜಿಸ್ಟರ್ಡ್ ಪತ್ರ ಹಾಕುತ್ತಿದ್ದಾಳೆ ಎಂದು ತಿಳಿದರೆ ಸಾಕು, ಒಳಗೇನಿದೆ ಎಂದು ಯಾರೂ ಒಡೆದು ನೋಡಬೇಕಿಲ್ಲ. ಸಂಜೆಯೊಳಗೆ ಊರಿಗೆ ಊರೇ ಕತೆ ಕಟ್ಟಿರುತ್ತದೆ. ರೀಮೇಲರ್ ಹುಟ್ಟಿದ್ದು ಈ ಎರಡನೆಯ ಗುಟ್ಟಿಗಾಗಿ.

ಇವುಗಳಲ್ಲೆಲ್ಲ ಹೆಸರುವಾಸಿಯಾದದ್ದು ಫಿನ್ಲೆಂಡಿನದು. 1993ರಲ್ಲಿ ಯೋಹಾನ್ ಹೆಲ್ಸಿಂಗಿಯಸ್ ಎಂಬ ಕಂಪ್ಯೂಟರ್ ತಜ್ಞರು ಅದನ್ನು ಪ್ರಾರಂಭಿಸಿದರು. ಇಂಟರ್ನೆಟ್ಟಿನ ಚರ್ಚೆಗಳಲ್ಲಿ ಎಲ್ಲರೂ ಸ್ವಂತ ಹೆಸರಿನಲ್ಲೇ ಬರೆಯಬೇಕೆಂದು ಕಡ್ಡಾಯ ಮಾಡಬೇಕೋ ಬೇಡವೋ ಎಂಬ ಜಗಳ ಆಗ ಆ ದೇಶದಲ್ಲಿ ಎದ್ದಿತ್ತು. ಮಾತಿನಲ್ಲಿ ಉತ್ತರ ಕೊಡುವ ಬದಲು ಹೆಲ್ಸಿಂಗಿಯಸ್ ಒಂದು ಯಂತ್ರವನ್ನೇ ನಿಲ್ಲಿಸಿದರು. ‘ಅನಾನ್ ಪೆನೆಟ್’ ಎಂದು ಜನ ಅದನ್ನು ಕರೆದರು. ಅಲ್ಲಿಗೆ ಪತ್ರ ಕಳುಹಿಸಿದವರಿಗೆ ಒಂದು ಸಂಖ್ಯೆ ಸಿಗುತ್ತಿತ್ತು. ಪತ್ರ ಆ ಸಂಖ್ಯೆಯ ಹೆಸರಿನಲ್ಲಿ ಮುಂದೆ ಹೋಗುತ್ತಿತ್ತು. ಉತ್ತರ ಬರೆದವರ ಪತ್ರ ಅದೇ ಸಂಖ್ಯೆಗೆ ಬಂದು, ಯಂತ್ರ ಅದನ್ನು ನಿಜವಾದ ವಿಳಾಸಕ್ಕೆ ತಲುಪಿಸುತ್ತಿತ್ತು. ಉತ್ತರ ಬರೆದವರಿಗೂ ತಾನಾಗಿಯೇ ಒಂದು ಸಂಖ್ಯೆ ಅಂಟಿಕೊಳ್ಳುತ್ತಿತ್ತು. ಹೀಗೆ ಇಬ್ಬರೂ ಪರದೆಯ ಹಿಂದೆ ನಿಂತು ಮಾತಾಡಬಹುದಾಗಿತ್ತು. ಶುಲ್ಕವಿರಲಿಲ್ಲ. ತಾಂತ್ರಿಕ ವಿದ್ಯೆಯೇನೂ ಬೇಕಿರಲಿಲ್ಲ. ಜನ ಮುಗಿಬಿದ್ದುದಕ್ಕೆ ಮುಖ್ಯ ಕಾರಣ ಈ ಸರಾಗವೇ.

ಮುಗಿಬಿದ್ದವರು ಯಾರು ಎಂಬುದು ಕುತೂಹಲದ ಸಂಗತಿ. ಪೋಲಿ ಹುಡುಗರು ಇದ್ದರು, ಬೈಗುಳದ ಚಪಲದವರೂ ಇದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ಆ ನೋವನ್ನು ಯಾರ ಮುಂದೂ ಬಿಚ್ಚಲಾರದವರೂ ಅಲ್ಲಿದ್ದರು. ಆತ್ಮಹತ್ಯೆಯ ಅಂಚಿನಲ್ಲಿರುವವರ ಮಾತಿಗೆ ಕಿವಿಗೊಡುವ ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆ ಇ-ಮೇಲ್ ಮೂಲಕ ಸಹಾಯ ನೀಡತೊಡಗಿದಾಗ, ಹೆಸರು ಹೇಳಲೊಲ್ಲದವರಿಗಾಗಿ ಹೆಲ್ಸಿಂಗಿಯಸ್‌ರ ಯಂತ್ರದಲ್ಲೇ ಒಂದು ವಿಳಾಸ ಇಟ್ಟುಕೊಂಡಿತ್ತು. ಬಾವಿಕಟ್ಟೆಯ ಬಳಿ ನಿಂತವರು ಮೊದಲು ಹೆಸರು, ಊರು, ತಂದೆಯ ಹೆಸರು ಬರೆಸಿ ಆಮೇಲೆ ದುಃಖ ಹೇಳಿಕೊಳ್ಳಬೇಕೆಂದರೆ ಯಾರು ಹೇಳಿಕೊಂಡಾರು?

ಈ ವ್ಯವಸ್ಥೆಗೆ ಒಂದು ಮರ್ಮಸ್ಥಾನವಿತ್ತು. ಉತ್ತರ ತಲುಪಬೇಕಾದರೆ ಯಾವ ಸಂಖ್ಯೆ ಯಾರದು ಎಂಬುದು ಯಂತ್ರಕ್ಕೆ ಗೊತ್ತಿರಬೇಕಲ್ಲ? ಅದಕ್ಕಾಗಿ ಒಂದು ಪಟ್ಟಿ ಬೇಕೇ ಬೇಕು. ಪಟ್ಟಿಯಲ್ಲಿ ಲಕ್ಷಾಂತರ ಜನರ ನಿಜ ವಿಳಾಸ. ಪಟ್ಟಿಗೆ ಕಾವಲು ಒಬ್ಬನೇ ಮನುಷ್ಯ. ಆ ಮನುಷ್ಯ ಪ್ರಾಮಾಣಿಕನೇ ಆಗಿದ್ದ. ಆದರೆ ಬೀಗದ ಕೈ ಒಬ್ಬನ ಜೇಬಿನಲ್ಲಿದೆ ಎಂದು ಊರಿಗೆಲ್ಲ ಗೊತ್ತಾದ ಮೇಲೆ ಅವನ ಪ್ರಾಮಾಣಿಕತೆ ಎಷ್ಟು ದಿನ ತಡೆದೀತು?

ಬಹಳ ಕಾಲ ತಡೆಯಲಿಲ್ಲ. ಸೈಂಟಾಲಜಿ ಎಂಬ ಅಮೆರಿಕದ ಪಂಥದ ಒಳಗಿನ ಕಾಗದಪತ್ರವೊಂದನ್ನು ಯಾರೋ ಪೆನೆಟ್ ಮೂಲಕ ಇಂಟರ್ನೆಟ್ಟಿನ ಚರ್ಚಾಕೂಟದಲ್ಲಿ ಪ್ರಕಟಿಸಿದ್ದರು. ಎಲ್. ರಾನ್ ಹಬಾರ್ಡ್ ಸ್ಥಾಪಿಸಿದ ಈ ಪಂಥದಲ್ಲಿ ಮೇಲಿನ ಹಂತದ ಬೋಧನೆಗಳು ಗುಪ್ತ. ಹಂತಹಂತವಾಗಿ ಹಣ ತೆತ್ತು ಏರಿದವರಿಗೆ ಮಾತ್ರ ಲಭ್ಯ. ಅಂಥ ಸಂಸ್ಥೆಗೆ ಒಳಗಿನ ಕಾಗದ ಬೀದಿಗೆ ಬಂದರೆ ಹೇಗಾಗಬೇಕು! ತನ್ನ ಕಂಪ್ಯೂಟರಿನಿಂದ ಕದ್ದ ಮಾಲು ಇದು ಎಂದು ಅದು ದೂರು ಕೊಟ್ಟಿತು. ದೂರು ಇಂಟರ್‌ಪೋಲ್ ಮೂಲಕ ಫಿನ್ಲೆಂಡಿಗೆ ಬಂತು. 1995ರ ಫೆಬ್ರವರಿ 8ರಂದು ಫಿನ್ಲೆಂಡಿನ ಪೊಲೀಸರು ಶೋಧನಾ ವಾರಂಟಿನೊಂದಿಗೆ ಹೆಲ್ಸಿಂಗಿಯಸ್‌ರ ಮುಂದೆ ನಿಂತರು.

ಅವರ ಮುಂದಿದ್ದ ಆಯ್ಕೆ ಇಷ್ಟೇ. ಬೇಕಾದ ಒಂದು ವಿಳಾಸವನ್ನು ತಾವೇ ಕೊಡಬೇಕು. ಇಲ್ಲವಾದರೆ ಪೊಲೀಸರು ಇಡೀ ಪಟ್ಟಿಯನ್ನೇ ಹೊತ್ತುಕೊಂಡು ಹೋಗುತ್ತಾರೆ. ಒಬ್ಬನನ್ನು ಒಪ್ಪಿಸಿ ಲಕ್ಷಾಂತರ ಜನರನ್ನು ಉಳಿಸುವುದೋ, ಯಾರನ್ನೂ ಒಪ್ಪಿಸುವುದಿಲ್ಲ ಎಂಬ ಹಟದಲ್ಲಿ ಎಲ್ಲರನ್ನೂ ಕಳೆಯುವುದೋ? ಹೆಲ್ಸಿಂಗಿಯಸ್ ಒಂದು ವಿಳಾಸವನ್ನು ಕೊಟ್ಟರು. ಅವರನ್ನು ಇದಕ್ಕಾಗಿ ಹಳಿದವರಿದ್ದಾರೆ. ಹಳಿಯುವುದು ಸುಲಭ. ಅಂದು ಅವರ ಜಾಗದಲ್ಲಿದ್ದವರು ಬೇರೆ ಏನು ಮಾಡಬಹುದಾಗಿತ್ತು ಎಂಬ ಪ್ರಶ್ನೆಗೆ ಮಾತ್ರ ಹಳಿದವರಿಂದ ಉತ್ತರ ಬಂದಂತಿಲ್ಲ. ಪಟ್ಟಿಯನ್ನು ಇಟ್ಟುಕೊಂಡದ್ದೇ ತಪ್ಪು ಎನ್ನಬಹುದು. ಪಟ್ಟಿಯಿಲ್ಲದೆ ಉತ್ತರ ತಲುಪಿಸುವುದು ಆ ಯಂತ್ರದಿಂದ ಆಗುತ್ತಿರಲಿಲ್ಲ.

ಮರುವರ್ಷ ಅದೇ ಸಂಸ್ಥೆ ಮತ್ತೆ ಬಂತು. ಈ ಸಲ ಕಳವಿನ ಮಾತಲ್ಲ, ಗ್ರಂಥಸ್ವಾಮ್ಯದ ಮಾತು. ಇಬ್ಬರ ಗುರುತು ಬೇಕೆಂಬ ಬೇಡಿಕೆ. 1996ರ ಆಗಸ್ಟಿನಲ್ಲಿ ಹೆಲ್ಸಿಂಕಿಯ ಕೆಳ ನ್ಯಾಯಾಲಯ ಗುರುತು ಕೊಡಬೇಕೆಂದು ತೀರ್ಪಿತ್ತಿತು. ಹೆಲ್ಸಿಂಗಿಯಸ್ ಮೇಲ್ಮನವಿ ಹೋದರು. ಅದೇ ವಾರದ ಆಸುಪಾಸಿನಲ್ಲಿ ಲಂಡನ್ನಿನ ಅಬ್ಸರ್ವರ್ ಪತ್ರಿಕೆ ಅವರ ಯಂತ್ರದ ಮೂಲಕ ಮಕ್ಕಳ ಅಶ್ಲೀಲ ಚಿತ್ರಗಳು ಹರಿದಾಡುತ್ತಿವೆ ಎಂದು ದೊಡ್ಡದಾಗಿ ಬರೆಯಿತು. ಚಿತ್ರಗಳು ಸಾಗದಂತೆ ಹಿಂದಿನ ವರ್ಷವೇ ಯಂತ್ರಕ್ಕೆ ಕಡಿವಾಣ ಹಾಕಲಾಗಿದೆ ಎಂದು ಹೆಲ್ಸಿಂಕಿಯ ಪೊಲೀಸರೇ ಹೇಳಬೇಕಾಯಿತು. ಆದರೆ ಆರೋಪ ಮುಖಪುಟದಲ್ಲಿ ಬಂದಷ್ಟು ವೇಗವಾಗಿ ಸಮಾಧಾನ ಎಲ್ಲಿ ತಲುಪುತ್ತದೆ? ಆಗಸ್ಟ್ 30ರಂದು ಹೆಲ್ಸಿಂಗಿಯಸ್ ಸೇವೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಇಂಟರ್ನೆಟ್ಟಿನ ಪತ್ರಗಳಿಗೆ ಕಾನೂನಿನ ರಕ್ಷಣೆ ಎಷ್ಟಿದೆ ಎಂಬುದೇ ದೇಶದಲ್ಲಿ ಅಸ್ಪಷ್ಟವಾಗಿರುವಾಗ ನಂಬಿದವರ ಗುಟ್ಟನ್ನು ಕಾಯುವ ಭರವಸೆ ಕೊಡುವುದು ಹೇಗೆ ಎಂಬುದು ಅವರ ಕಾರಣ. ಆ ಹೊತ್ತಿಗೆ ಬಳಕೆದಾರರು 5 ಲಕ್ಷ ಮೀರಿದ್ದರು. ಮುಂದೆ 1997ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅವರಿಗೆ ಪ್ರಶಸ್ತಿ ಕೊಟ್ಟು ಗೌರವಿಸಿತು. ಅದೇ ವರ್ಷ ಅದೇ ಸಂಸ್ಥೆಯಿಂದ ಗೌರವ ಪಡೆದವರಲ್ಲಿ ಹಾಲಿವುಡ್ಡಿನ ಹಳೆಯ ತಾರೆ ಹೆಡಿ ಲಮಾರ್ ಕೂಡ ಇದ್ದರು, ಮಹಾಯುದ್ಧದ ಕಾಲದಲ್ಲಿ ರೇಡಿಯೋ ಸಂಕೇತವನ್ನು ಶತ್ರುಗಳಿಂದ ಮರೆಸುವ ಉಪಾಯ ಕಂಡುಹಿಡಿದದ್ದಕ್ಕೆ!

ಒಬ್ಬ ಕಾವಲುಗಾರನನ್ನೇ ನಂಬದೆ ಗುಟ್ಟನ್ನು ಕಾಯಲು ಸಾಧ್ಯವೇ? ವಿಚಿತ್ರವೆಂದರೆ, ಇದಕ್ಕೆ ಉತ್ತರ ಪೆನೆಟ್ ಹುಟ್ಟುವುದಕ್ಕೆ ಹನ್ನೆರಡು ವರ್ಷ ಮೊದಲೇ ಸಿದ್ಧವಾಗಿತ್ತು. 1981ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಓದುತ್ತಿದ್ದ ಡೇವಿಡ್ ಚೌಮ್ ಎಂಬ ತರುಣ, ಜಾಡು ಹಿಡಿಯಲಾಗದ ಇ-ಮೇಲ್ ಕುರಿತು ಒಂದು ಪ್ರಬಂಧ ಪ್ರಕಟಿಸಿದ್ದ. ಪುಟಗಳು ಕೆಲವೇ. ಇ-ಮೇಲ್ ಎಂದರೇನೆಂದು ಜಗತ್ತಿನ ಬಹುಪಾಲು ಜನಕ್ಕೆ ಗೊತ್ತೇ ಇಲ್ಲದ ಕಾಲ ಅದು.

ಚೌಮನ ಉಪಾಯವನ್ನು ಕಾಗದದ ಲೋಕಕ್ಕೆ ತಂದು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಹುಬ್ಬಳ್ಳಿಯ ಒಬ್ಬಾಕೆ ಮಂಗಳೂರಿನವರಿಗೆ ಗುಟ್ಟಾಗಿ ಪತ್ರ ಬರೆಯಬೇಕು ಎಂದಿಟ್ಟುಕೊಳ್ಳಿ. ಪತ್ರವನ್ನು ಮಂಗಳೂರಿನ ವಿಳಾಸದ ಲಕೋಟೆಗೆ ಹಾಕುತ್ತಾಳೆ. ಆ ಲಕೋಟೆಯನ್ನು ಮಡಿಕೇರಿಯ ವಿಳಾಸವಿರುವ ದೊಡ್ಡ ಲಕೋಟೆಯೊಳಕ್ಕೆ, ಅದನ್ನು ಶಿರಸಿಯ ಲಕೋಟೆಯೊಳಕ್ಕೆ, ಅದನ್ನು ಬಳ್ಳಾರಿಯ ಲಕೋಟೆಯೊಳಕ್ಕೆ ಇಟ್ಟು ಅಂಚೆಗೆ ಹಾಕುತ್ತಾಳೆ. ಬಳ್ಳಾರಿಯವನು ಹೊರಗಿನ ಲಕೋಟೆ ಒಡೆದು, ಒಳಗೆ ಶಿರಸಿಯ ವಿಳಾಸ ಕಂಡು, ಅಲ್ಲಿಗೆ ಕಳುಹಿಸುತ್ತಾನೆ. ಶಿರಸಿಯವನು ಮಡಿಕೇರಿಗೆ, ಮಡಿಕೇರಿಯವನು ಮಂಗಳೂರಿಗೆ. ಬಳ್ಳಾರಿಯವನಿಗೆ ಹುಬ್ಬಳ್ಳಿ ಗೊತ್ತು, ಮಂಗಳೂರು ಗೊತ್ತಿಲ್ಲ. ಮಡಿಕೇರಿಯವನಿಗೆ ಮಂಗಳೂರು ಗೊತ್ತು, ಹುಬ್ಬಳ್ಳಿ ಗೊತ್ತಿಲ್ಲ. ನಡುವಿನ ಶಿರಸಿಯವನಿಗೆ ಎರಡೂ ಗೊತ್ತಿಲ್ಲ. ಕಾಗದದ ಲಕೋಟೆಯನ್ನು ಯಾರು ಬೇಕಾದರೂ ಒಡೆಯಬಹುದು. ಚೌಮನ ಲಕೋಟೆ ಗೂಢಲಿಪಿಯದು, ಯಾರ ಹೆಸರು ಬರೆದಿದೆಯೋ ಅವರ ಕೀಲಿಗಷ್ಟೇ ತೆರೆದುಕೊಳ್ಳುತ್ತದೆ. ಮೂವರಲ್ಲಿ ಒಬ್ಬ ಕೈಕೊಟ್ಟರೂ, ಇಬ್ಬರನ್ನು ಪೊಲೀಸರು ಹಿಡಿದರೂ, ಮೂರನೆಯವನು ಬಾಯಿಬಿಡದಿದ್ದರೆ ಕೊಂಡಿ ಕೂಡುವುದಿಲ್ಲ.

ಇಷ್ಟರಿಂದಲೇ ಕೆಲಸವಾಗದು ಎಂಬುದೂ ಚೌಮನಿಗೆ ಹೊಳೆದಿತ್ತು. ಬಳ್ಳಾರಿಯವನ ಮನೆಯೆದುರು ಚಹದಂಗಡಿಯಲ್ಲಿ ಒಬ್ಬ ಕೂತು ನೋಡುತ್ತಿದ್ದಾನೆನ್ನಿ. ಬೆಳಿಗ್ಗೆ ಹುಬ್ಬಳ್ಳಿಯಿಂದ ಒಂದೇ ಒಂದು ದಪ್ಪ ಲಕೋಟೆ ಬಂತು. ಮಧ್ಯಾಹ್ನ ಶಿರಸಿಗೆ ಒಂದೇ ಒಂದು ದಪ್ಪ ಲಕೋಟೆ ಹೋಯಿತು. ಇನ್ನೇನು ಉಳಿಯಿತು? ಅದಕ್ಕೆ ಮದ್ದು ಮೂರು. ಎಲ್ಲ ಲಕೋಟೆಗಳೂ ಒಂದೇ ಅಳತೆಯವಾಗಿರಬೇಕು. ಎರಡು ಸಾಲಿನ ಪತ್ರಕ್ಕೂ ಹೊಟ್ಟು ತುಂಬಿಸಿ ದಪ್ಪ ಮಾಡಬೇಕು. ಬಂದದ್ದನ್ನು ಒಡನೆ ಕಳುಹಿಸದೆ ಒಂದಷ್ಟು ಕೂಡುವವರೆಗೆ ಇಟ್ಟುಕೊಳ್ಳಬೇಕು. ಕಳುಹಿಸುವಾಗ ಬಂದ ಸರದಿಯಲ್ಲಿ ಕಳುಹಿಸದೆ ಕಲಸಿ ಕಳುಹಿಸಬೇಕು. ಇಸ್ಪೀಟು ಕಲಸಿದ ಹಾಗೆ. ಇದರಿಂದಾಗಿಯೇ ಇಂಥ ಯಂತ್ರಕ್ಕೆ ಚೌಮ್ ‘ಮಿಕ್ಸ್’ ಎಂದು ಹೆಸರಿಟ್ಟ. ಉತ್ತರ ಬರುವುದಕ್ಕೂ ದಾರಿ ತೋರಿಸಿದ್ದ: ಕಳುಹಿಸುವವರು ತಮ್ಮ ವಿಳಾಸವನ್ನೇ ಹೀಗೆ ಲಕೋಟೆಯೊಳಗೆ ಲಕೋಟೆಯಾಗಿ ಮುಚ್ಚಿ ಪತ್ರದ ಜತೆ ಇಟ್ಟರೆ, ಪಡೆದವರು ವಿಳಾಸವನ್ನು ಕಾಣದೆಯೇ ಉತ್ತರವನ್ನು ಅದಕ್ಕೆ ಅಂಟಿಸಿ ಮರಳಿಸಬಹುದು. ಪಟ್ಟಿಯೇ ಬೇಡ.

ಕಾಗದದ ಮೇಲಿದ್ದ ಈ ವಿದ್ಯೆಯನ್ನು ಯಂತ್ರಕ್ಕಿಳಿಸಿದವರು ಸಾನ್‌ಫ್ರಾನ್ಸಿಸ್ಕೋ ಸುತ್ತಮುತ್ತಲ ಒಂದು ಗುಂಪು. ತಮ್ಮನ್ನು ಸೈಫರ್‌ಪಂಕ್‌ಗಳೆಂದು ಕರೆದುಕೊಂಡ ಇವರಲ್ಲಿ ಎರಿಕ್ ಹ್ಯೂಸ್ 1992ರಲ್ಲಿ ಮೊದಲ ರೀಮೇಲರ್ ಬರೆದರು. ಹ್ಯಾಲ್ ಫಿನ್ನಿ ಅದಕ್ಕೆ ಪಿಜಿಪಿಯ ಬೀಗ ಜೋಡಿಸಿದರು. ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯ 2009ರಲ್ಲಿ ಚಾಲ್ತಿಗೆ ಬಂದಾಗ ಮೊದಲ ರವಾನೆಯನ್ನು ಪಡೆದವರು ಇದೇ ಫಿನ್ನಿ. ಒಂದೇ ಅಳತೆಯ ಲಕೋಟೆ, ಕಲಸುವ ಕ್ರಮ ಇವನ್ನೆಲ್ಲ ಅಳವಡಿಸಿದ ‘ಮಿಕ್ಸ್‌ಮಾಸ್ಟರ್’ ತಂತ್ರಾಂಶವನ್ನು 90ರ ದಶಕದ ನಡುವಿನಲ್ಲಿ ಲಾನ್ಸ್ ಕಾಟ್ರೆಲ್ ತಯಾರಿಸಿದರು. ನಾನಾ ದೇಶಗಳ ಸ್ವಯಂಸೇವಕರು ತಮ್ಮ ಖರ್ಚಿನಲ್ಲಿ ಇದನ್ನು ನಡೆಸಿದರು. ಸಂಬಳವಿಲ್ಲ, ಬರುತ್ತಿದ್ದುದು ಬೈಗುಳದ ಪತ್ರ, ಒಮ್ಮೊಮ್ಮೆ ಪೊಲೀಸರ ನೋಟಿಸು.

ಯಂತ್ರ ಎಷ್ಟೇ ಬಿಗಿಯಾಗಿದ್ದರೂ ಮನುಷ್ಯ ಸಡಿಲ. ಪತ್ರದ ಕೊನೆಗೆ ಹೆಸರು, ಹುದ್ದೆ, ಫೋನ್ ನಂಬರು ತಾನಾಗಿಯೇ ಸೇರುವಂತೆ ಇ-ಮೇಲ್‌ನಲ್ಲಿ ಏರ್ಪಾಡು ಮಾಡಿಕೊಂಡಿದ್ದು, ಅದನ್ನು ತೆಗೆಯಲು ಮರೆತರೆ ಲಕೋಟೆ ಎಷ್ಟಿದ್ದರೇನು? ಅದಕ್ಕಿಂತ ಸೂಕ್ಷ್ಮವಾದದ್ದು ಬರವಣಿಗೆಯ ಜಾಡು. 1787-88ರಲ್ಲಿ ಅಮೆರಿಕದ ಸಂವಿಧಾನದ ಪರವಾಗಿ ‘ಪಬ್ಲಿಯಸ್’ ಎಂಬ ಕಲ್ಪಿತ ಹೆಸರಿನಲ್ಲಿ ಪತ್ರಿಕೆಗಳಿಗೆ ಬರೆದವರು ಹ್ಯಾಮಿಲ್ಟನ್, ಮ್ಯಾಡಿಸನ್ ಮತ್ತು ಜೇ. ಅವುಗಳಲ್ಲಿ 12 ಲೇಖನಗಳು ಹ್ಯಾಮಿಲ್ಟನ್‌ನವೋ ಮ್ಯಾಡಿಸನ್‌ನವೋ ಎಂಬ ವಿವಾದ ಬಹುಕಾಲ ನಡೆದಿತ್ತು. 1964ರಲ್ಲಿ ಮಾಸ್ಟೆಲರ್ ಮತ್ತು ವ್ಯಾಲೆಸ್ ಎಂಬ ಸಂಖ್ಯಾಶಾಸ್ತ್ರಜ್ಞರು, ಯಾರೂ ಗಮನಿಸದ ಸಣ್ಣಪುಟ್ಟ ಪದಗಳನ್ನು ಎಣಿಸಿಯೇ ಅವು ಮ್ಯಾಡಿಸನ್‌ನವೆಂದು ತೋರಿಸಿದರು. ಕನ್ನಡದಲ್ಲಂತೂ ಎಣಿಸುವ ಕಷ್ಟವೂ ಬೇಡ. ಎರಡು ವಾಕ್ಯ ಓದಿದರೆ ಸಾಕು, ಬರೆದವರು ಧಾರವಾಡದ ಕಡೆಯವರೋ, ಕುಂದಾಪುರದವರೋ, ಮಂಡ್ಯದವರೋ ಎಂದು ಹಳೆಯ ಗುಮಾಸ್ತರು ಹೇಳಿಬಿಡುತ್ತಾರೆ.

ದುರ್ಬಳಕೆಯ ವಿಷಯಕ್ಕೆ ಬಂದರೆ, ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕತೆಯನ್ನು ಬಿಡುವಂತಿಲ್ಲ. 2012ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿಗೆ ನೂರಕ್ಕೂ ಹೆಚ್ಚು ಬಾಂಬ್ ಬೆದರಿಕೆಗಳು ಬಂದವು. ಮೊದಮೊದಲು ಶೌಚಾಲಯದ ಗೋಡೆಯ ಮೇಲೆ, ಆಮೇಲೆ ರೀಮೇಲರ್ ಮೂಲಕ. ಮತ್ತೆ ಮತ್ತೆ ಕಟ್ಟಡಗಳನ್ನು ಖಾಲಿ ಮಾಡಿಸುವುದು, ನಡುರಾತ್ರಿ ವಿದ್ಯಾರ್ಥಿಗಳನ್ನು ಎಬ್ಬಿಸಿ ಬಯಲಲ್ಲಿ ನಿಲ್ಲಿಸುವುದು ನಡೆಯಿತು. ಏಪ್ರಿಲ್‌ನಲ್ಲಿ ಎಫ್‌ಬಿಐ ನ್ಯೂಯಾರ್ಕಿನಲ್ಲಿದ್ದ ಒಂದು ಮಿಕ್ಸ್‌ಮಾಸ್ಟರ್ ಯಂತ್ರವನ್ನು ಕಿತ್ತುಕೊಂಡು ಹೋಯಿತು. ಅದು ಯಾವ ದಾಖಲೆಯನ್ನೂ ಇಡದ ಯಂತ್ರ. ಕಿತ್ತೊಯ್ದ ಮೇಲೂ ಬೆದರಿಕೆಗಳು ಬಂದವು. ಹೆಲ್ಸಿಂಕಿಯಲ್ಲಿ ಪೊಲೀಸರಿಗೆ ಒಂದು ಪಟ್ಟಿಯಾದರೂ ಇತ್ತು. ಇಲ್ಲಿ ಅದೂ ಇರಲಿಲ್ಲ. ಚೌಮನ ಗಣಿತ ಒಳ್ಳೆಯವರನ್ನೂ ಕೆಟ್ಟವರನ್ನೂ ಒಂದೇ ಶ್ರದ್ಧೆಯಿಂದ ಕಾಯುತ್ತದೆ. ಬೆಂಗಳೂರಿನ ತಂದೆತಾಯಿಯರಿಗೆ ಈ ಅನುಭವ ಹೊಸದಲ್ಲ. 2023ರ ಡಿಸೆಂಬರ್ 1ರಂದು ನಗರದ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬಿಟ್ಟಿದ್ದೇವೆಂಬ ಇ-ಮೇಲ್ ಬಂದು, ಕೆಲಸ ಬಿಟ್ಟು ಶಾಲೆಯ ಗೇಟಿಗೆ ಓಡಿದವರು ಸಾವಿರಾರು ಜನ. ಅದು ಹುಸಿ ಎಂದು ಗೊತ್ತಾಗುವವರೆಗಿನ ಒಂದೊಂದು ನಿಮಿಷವನ್ನು ಅವರನ್ನೇ ಕೇಳಬೇಕು. ಅವರ ಮುಂದೆ ಅನಾಮಧೇಯತೆಯ ಹಕ್ಕಿನ ಮಾತೆತ್ತಲು ಎದೆಗಾರಿಕೆ ಬೇಕು.

ಆದರೂ ಆ ಮಾತನ್ನು ಎತ್ತಲೇಬೇಕಾಗುತ್ತದೆ. ಅಮೆರಿಕದ ಒಹಾಯೋ ರಾಜ್ಯದಲ್ಲಿ ಮಾರ್ಗರೆಟ್ ಮೆಕ್‌ಇಂಟೈರ್ ಎಂಬ ಗೃಹಿಣಿ 1988ರಲ್ಲಿ ಶಾಲಾ ತೆರಿಗೆಯನ್ನು ವಿರೋಧಿಸಿ ಕರಪತ್ರ ಹಂಚಿದರು. ಕೆಲವು ಪ್ರತಿಗಳಲ್ಲಿ ಅವರ ಹೆಸರಿರಲಿಲ್ಲ. ಅದಕ್ಕೆ 100 ಡಾಲರ್ ದಂಡ ಬಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 1995ರ ಏಪ್ರಿಲ್‌ನಲ್ಲಿ ಆಕೆಯ ಪರವಾಗಿ ತೀರ್ಪಾಯಿತು: ಹೆಸರಿಲ್ಲದೆ ಬರೆಯುವುದೂ ವಾಕ್ ಸ್ವಾತಂತ್ರ್ಯದ ಭಾಗ. ತೀರ್ಪು ಕೇಳಲು ಆಕೆ ಬದುಕಿರಲಿಲ್ಲ. ಫಿನ್ಲೆಂಡಿನ ಪೊಲೀಸರು ಹೆಲ್ಸಿಂಗಿಯಸ್‌ರ ಬಾಗಿಲಿಗೆ ಬಂದು ಆಗ ಬರೀ ಎರಡು ತಿಂಗಳಾಗಿತ್ತು.

ರೀಮೇಲರ್‌ಗಳನ್ನು ಹಿಂದೆ ಸರಿಸಿದ್ದು ಪೊಲೀಸರೂ ಅಲ್ಲ, ಕಾನೂನೂ ಅಲ್ಲ, ಜನರ ಕೊರತೆ. ಜಾತ್ರೆಯಲ್ಲಿ ಕಳೆದುಹೋಗಬಹುದು, ಖಾಲಿ ಬಯಲಿನಲ್ಲಿ ಕಳೆದುಹೋಗಲಾಗದು. ಕಲಸುವುದಕ್ಕೆ ಪತ್ರಗಳು ಬೇಕು, ಪತ್ರಗಳಿಗೆ ಜನ ಬೇಕು. ಮಿಕ್ಸ್‌ಮಾಸ್ಟರ್ ಹೆಚ್ಚು ಭದ್ರವಾಗಿತ್ತು, ಆದರೆ ಬಳಕೆ ತೊಡಕಿನದು, ಪತ್ರ ತಲುಪಲು ಗಂಟೆಗಟ್ಟಲೆ ಕಾಯಬೇಕು. ಪೆನೆಟ್‌ಗೆ ಸೇರಿದ ಜನಸ್ತೋಮ ಅದಕ್ಕೆ ಸೇರಲೇ ಇಲ್ಲ. ಒಂದೊಂದಾಗಿ ಯಂತ್ರಗಳು ಮುಚ್ಚಿದವು. ಲಕೋಟೆಯೊಳಗಿನ ಲಕೋಟೆಯ ಉಪಾಯ ಮಾತ್ರ ಉಳಿಯಿತು. ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ 90ರ ದಶಕದಲ್ಲಿ ಆರಂಭವಾದ, ಈರುಳ್ಳಿಯ ಪದರಗಳ ಹೆಸರು ಹೊತ್ತ ವ್ಯವಸ್ಥೆಯೊಂದು ‘ಟಾರ್’ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೂ ತೆರೆಯಿತು. ನೌಕಾಪಡೆಗೆ ಸಾರ್ವಜನಿಕರ ಮೇಲೆ ಅಷ್ಟು ಅಕ್ಕರೆ ಏಕೆ ಎಂದರೆ ಕಾರಣ ಅದೇ ಜಾತ್ರೆ. ನೌಕಾಪಡೆಯವರೊಬ್ಬರೇ ಮುಸುಕು ಹಾಕಿಕೊಂಡು ಓಡಾಡಿದರೆ, ಮುಸುಕು ಕಂಡಲ್ಲೆಲ್ಲ ನೌಕಾಪಡೆ ಎಂದು ಜಗತ್ತೇ ತಿಳಿಯುತ್ತದೆ. 2013ರ ಬಳಿಕ ಹಲವು ಪತ್ರಿಕೆಗಳು ಗುಟ್ಟಿನ ಮಾಹಿತಿ ಪಡೆಯಲು ಇಟ್ಟುಕೊಂಡ ‘ಸೆಕ್ಯೂರ್‌ಡ್ರಾಪ್’ ಎಂಬ ಪೆಟ್ಟಿಗೆಗೂ ಟಾರ್ ಆಧಾರವಾಯಿತು.

ಹೆಲ್ಸಿಂಕಿಯ ಹಳೆಯ ವ್ಯಾಜ್ಯ ಬೇರೆ ರೂಪದಲ್ಲಿ ಬೆಂಗಳೂರಿಗೂ ಬಂದಿದೆ. ಖಾಸಗಿ ಸಂಸ್ಥೆಯೊಂದರ ಮಹಿಳಾ ಉದ್ಯೋಗಿಗಳ ವಿರುದ್ಧ ಅಶ್ಲೀಲ ಇ-ಮೇಲ್‌ಗಳು ಬಂದ ಪ್ರಕರಣದಲ್ಲಿ, 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಎಂಬ ಗೂಢಲಿಪಿಯ ಇ-ಮೇಲ್ ಸೇವೆಯನ್ನು ತಡೆಹಿಡಿಯಲು ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು. ನೊಂದ ಹೆಣ್ಣುಮಕ್ಕಳ ಅಳಲು ನಿಜವಾದದ್ದು. ಅದೇ ಸೇವೆಯನ್ನು ನಂಬಿ ವಕೀಲರಿಗೂ ವೈದ್ಯರಿಗೂ ಬರೆಯುವವರ ಅಗತ್ಯವೂ ನಿಜವಾದದ್ದೇ.

ನಂಬಿ ಬರೆದವರ ಮಾತು ಬಂದಾಗ ಸತ್ಯೇಂದ್ರ ದುಬೆಯನ್ನು ನೆನೆಯದಿರಲಾಗದು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲಿ ಇಂಜಿನಿಯರಾಗಿದ್ದ ಈ ತರುಣ, 2002ರ ನವೆಂಬರ್‌ನಲ್ಲಿ ಸುವರ್ಣ ಚತುಷ್ಕೋನ ಹೆದ್ದಾರಿ ಕಾಮಗಾರಿಯ ಅವ್ಯವಹಾರಗಳನ್ನು ವಿವರಿಸಿ ಪ್ರಧಾನಮಂತ್ರಿಗಳಿಗೆ ಪತ್ರ ಬರೆದ. ಗುಟ್ಟು ಉಳಿಯಲೆಂದು ತನ್ನ ಪರಿಚಯವನ್ನು ಪತ್ರದಲ್ಲಿ ಬರೆಯದೆ ಪ್ರತ್ಯೇಕ ಹಾಳೆಯಲ್ಲಿ ಬರೆದು ಲಗತ್ತಿಸಿದ್ದ. ಕಚೇರಿಯಿಂದ ಕಚೇರಿಗೆ ಪತ್ರ ಸಾಗುವಾಗ ಆ ಹಾಳೆಯೂ ಜತೆಗೇ ಸಾಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಆತನನ್ನು ಗುಂಡಿಟ್ಟು ಕೊಂದರು. ದರೋಡೆಗಾಗಿ ನಡೆದ ಕೊಲೆ ಎಂಬುದು ಸಿಬಿಐ ತನಿಖೆಯ ನಿಲುವು. 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಜನರ ಮನಸ್ಸಿನಲ್ಲಿ ಮಾತ್ರ ಆ ಹಾಳೆಯೇ ಉಳಿದಿದೆ.

ಆ ಸಾವಿನ ಬಳಿಕ 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಮಾಹಿತಿದಾರರ ರಕ್ಷಣೆಗಾಗಿ ಒಂದು ನಿರ್ಣಯ ಹೊರಡಿಸಿ, ಹೊಣೆಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸಿತು. ಅದರ ವಿಧಾನವನ್ನು ಗಮನಿಸಬೇಕು. ದೂರನ್ನು ಮುಚ್ಚಿದ ಲಕೋಟೆಯಲ್ಲಿ ಕಳುಹಿಸಬೇಕು. ಲಕೋಟೆಯ ಮೇಲೆ ಯಾವ ಬಗೆಯ ದೂರು ಎಂಬುದನ್ನು ಬರೆಯಬೇಕು, ಕಳುಹಿಸಿದವರ ಹೆಸರು ಬರೆಯಬಾರದು. ಹೆಸರು ಮತ್ತು ವಿಳಾಸ ಒಳಗಿರಲೇಬೇಕು. ಮೂಗರ್ಜಿಗೆ ಇಲ್ಲಿಯೂ ಜಾಗವಿಲ್ಲ. ಆ ಹೆಸರನ್ನು ಆಯೋಗ ತನ್ನಲ್ಲಿಯೇ ಇಟ್ಟುಕೊಂಡು ದೂರನ್ನಷ್ಟೇ ಮುಂದೆ ಕಳುಹಿಸುತ್ತದೆ. ಅರ್ಜಿ ತಲುಪಿತೆಂಬ ಸ್ವೀಕೃತಿಯನ್ನೂ ಬರೆಯುವುದಿಲ್ಲ. ಆಯೋಗದ ಲಕೋಟೆ ಯಾರ ಮನೆಗೆ ಬಂತೆಂದು ಊರಿನ ಅಂಚೆಯಣ್ಣನಿಗೂ ತಿಳಿಯಬಾರದಲ್ಲ.